ಸತ್ತವನ ಅರ್ಜಿ

ಪ್ರತಿ ವರ್ಷ ನವೆಂಬರ್ ಬಂತೆಂದರೆ ನಮ್ಮಮ್ಮ ಬದುಕಿದ್ದಾಳೆಂದು ಸರ್ಕಾರಕ್ಕೆ ತೋರಿಸುವ ಕೆಲಸ ನನ್ನದು. ಪಿಂಚಣಿ ಪಡೆಯುವವರು ಇರುವ ಮನೆಯವರಿಗೆಲ್ಲ ಈ ತಾಪತ್ರಯ ಗೊತ್ತು. ಮೊದಲು ಒಂದು ಕಾಗದಕ್ಕೆ ರುಜು ಹಾಕಿದರೆ ಆಗುತ್ತಿತ್ತು, ಈಗ ಯಂತ್ರದ ಮೇಲೆ ಬೆರಳು ಇಡಬೇಕು. ಅರವತ್ತು ವರ್ಷ ಪಾತ್ರೆ ತಿಕ್ಕಿ ಸವೆದ ಬೆರಳು, ಗೆರೆ ಎಲ್ಲಿಂದ ಬರಬೇಕು? ಒಂದು ವರ್ಷ ಹೀಗೇ ನಾಲ್ಕೈದು ಸಲ ಒತ್ತಿಸಿದ ಮೇಲೆ ಅಲ್ಲಿದ್ದ ಹುಡುಗ "ಬರ್ತಾ ಇಲ್ಲ ಅಮ್ಮಾ" ಎಂದ. "ನಿನ್ನೆದುರಿಗೇ ಕೂತಿದ್ದೀನಲ್ಲಪ್ಪಾ, ಇನ್ನೇನು ಬರಬೇಕು?" ಅಂದಳು ಅಮ್ಮ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಹೊತ್ತಿಗೆ ನನ್ನ ಚೀಲದಲ್ಲಿ ಇದ್ದ ಪುಸ್ತಕ ನೆನಪಾಗಿ ನಗು ಅಲ್ಲಿಗೇ ನಿಂತಿತು.

ಅದು ಬಾಲ್ಜಾಕ್ ಬರೆದ 'ಕರ್ನಲ್ ಶಾಬೇರ್' ಎಂಬ ಸಣ್ಣ ಕಾದಂಬರಿ. ನೂರು ಪುಟದ ಆಸುಪಾಸು. ಮಧ್ಯಾಹ್ನ ಅಡುಗೆಮನೆ ಮುಚ್ಚಿ ಕೂತರೆ ಸಂಜೆ ಕಾಫಿಯ ಹೊತ್ತಿಗೆ ಮುಗಿಯುತ್ತದೆ. ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ, ಎರಡು ಸಲ, ನಡುವೆ ಇಪ್ಪತ್ತು ವರ್ಷ ಬಿಟ್ಟು. ಎರಡು ಸಲವೂ ಬೇರೆ ಬೇರೆ ಪುಸ್ತಕ ಓದಿದ ಹಾಗೆ ಆಯಿತು. ಅದಕ್ಕೇ ಈ ಬರಹ.

ಕಥೆ ಇಷ್ಟು. 1807ರ ಫೆಬ್ರವರಿ 8ರಂದು ಐಲೌ ಎಂಬಲ್ಲಿ ನೆಪೋಲಿಯನ್ನನ ಸೈನ್ಯಕ್ಕೂ ರಷ್ಯನ್ನರಿಗೂ ಹಿಮದ ನಡುವೆ ಘೋರ ಯುದ್ಧವಾಯಿತು. ಅಶ್ವದಳದ ಕರ್ನಲ್ ಶಾಬೇರನ ತಲೆಗೆ ಕತ್ತಿಯ ಏಟು ಬಿತ್ತು. ಕುದುರೆಗಳು ಅವನ ಮೇಲೆ ಹಾದುಹೋದವು. ಚಕ್ರವರ್ತಿ ಇಬ್ಬರು ವೈದ್ಯರನ್ನು ನೋಡಿಬರಲು ಕಳಿಸಿದ. ಕುದುರೆ ತುಳಿದದ್ದನ್ನು ಕಂಡಿದ್ದ ಅವರು ನಾಡಿ ಹಿಡಿದು ನೋಡುವ ಗೋಜಿಗೆ ಹೋಗದೆ ಸತ್ತನೆಂದು ಬರೆದುಬಿಟ್ಟರು. ಹೆಣಗಳ ಗುಂಡಿಯಲ್ಲಿ ಅವನಿಗೆ ಎಚ್ಚರವಾಗುತ್ತದೆ. ಸತ್ತವನೊಬ್ಬನ ತುಂಡಾದ ತೋಳನ್ನೇ ಆಸರೆಯಾಗಿ ಹಿಡಿದು ಮಣ್ಣು ಹಿಮ ಸರಿಸಿ ಮೇಲೆ ಬರುತ್ತಾನೆ. ಆಮೇಲೆ ಆಸ್ಪತ್ರೆ, ಅಲೆದಾಟ. ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷ ಹುಚ್ಚನೆಂದು ಕೂಡಿಹಾಕುತ್ತಾರೆ. ತಾನು ಕರ್ನಲ್ ಶಾಬೇರ್ ಅಲ್ಲ ಎಂದು ಒಪ್ಪಿಕೊಂಡ ಮೇಲೆ ಬಿಡುತ್ತಾರೆ! ಕೊನೆಗೆ ಪ್ಯಾರಿಸಿಗೆ ಬಂದರೆ ಅವನ ಬೀದಿಗೇ ಹೆಸರು ಬದಲಾಗಿದೆ, ಮನೆ ಕೆಡವಿದ್ದಾರೆ. ಹೆಂಡತಿ ರೋಸ್ ಅವನ ಆಸ್ತಿ ಪಡೆದು ಕೌಂಟ್ ಫೆರೋನನ್ನು ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿದ್ದಾಳೆ.

ಪುಸ್ತಕ ಶುರುವಾಗುವುದು ಇದೆಲ್ಲ ಮುಗಿದ ಮೇಲೆ, ದೆರ್ವಿಲ್ ಎಂಬ ವಕೀಲನ ಕಚೇರಿಯಲ್ಲಿ. ಹರಕು ನಿಲುವಂಗಿಯ ಮುದುಕ ಒಳಗೆ ಬರುತ್ತಾನೆ. ಗುಮಾಸ್ತರು ಬ್ರೆಡ್ಡಿನ ಉಂಡೆ ಮಾಡಿ ಎಸೆದು ಆಡುತ್ತಿದ್ದಾರೆ, ಅವನು ಯಾರಿರಬಹುದೆಂದು ಪಂದ್ಯ ಕಟ್ಟುತ್ತಾರೆ. ಬಾಲ್ಜಾಕ್ ಹದಿಹರೆಯದಲ್ಲಿ ಪ್ಯಾರಿಸಿನ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಆ ಕೊಳಕು ಕಿಟಕಿ, ಕಾಗದದ ವಾಸನೆ, ತಿಂಡಿಯ ಚೂರು ಎಲ್ಲವನ್ನೂ ಮೂಗಿಗೆ ಬಡಿಯುವ ಹಾಗೆ ಬರೆಯುತ್ತಾನೆ. ಯುದ್ಧವನ್ನು ಅವನು ಕಂಡವನಲ್ಲ. ಕಚೇರಿಯನ್ನು ಕಂಡವನು. ಈ ಪುಸ್ತಕ ನನಗೆ ನಿಜ ಅನ್ನಿಸುವುದು ಅದಕ್ಕೇ ಇರಬೇಕು. ಗುಂಡಿಯಿಂದ ಎದ್ದು ಬಂದ ಭಾಗ ಮೈ ಜುಮ್ಮೆನ್ನಿಸುತ್ತದೆ, ಸರಿ. ಆದರೆ "ನಾನು ಕರ್ನಲ್ ಶಾಬೇರ್, ಐಲೌನಲ್ಲಿ ಸತ್ತವನು" ಎಂಬ ಅರ್ಥದ ಮಾತನ್ನು ಒಬ್ಬ ಮನುಷ್ಯ ಕಚೇರಿಯ ಬಾಗಿಲಲ್ಲಿ ನಿಂತು ಹೇಳಬೇಕಾದ ಗತಿ ಇದೆಯಲ್ಲ, ಅದರ ಮುಂದೆ ಹೆಣದ ಗುಂಡಿ ಏನೂ ಅಲ್ಲ. (ಇದು ಕಥೆಗಾರನ ಕಲ್ಪನೆ ಎನ್ನುವವರು ಉತ್ತರಪ್ರದೇಶದ ಲಾಲ್ ಬಿಹಾರಿಯನ್ನು ನೆನೆಯಲಿ. 1975ರಲ್ಲಿ ಜಮೀನಿನ ಆಸೆಗೆ ಬಂಧುಗಳು ದಾಖಲೆಯಲ್ಲಿ ಅವರನ್ನು ಸಾಯಿಸಿದರು. ಮತ್ತೆ ಬದುಕಲು 1994ರ ತನಕ ಹೋರಾಡಬೇಕಾಯಿತು.)

ರಾತ್ರಿ ಒಂದು ಗಂಟೆಗೆ ದೆರ್ವಿಲ್ ಅವನನ್ನು ನೋಡುತ್ತಾನೆ. ಶಾಬೇರ್ ಟೋಪಿ ತೆಗೆಯುವಾಗ ಜೊತೆಗೆ ಕೂದಲಿನ ಟೋಪನ್ನೂ ಬಂದುಬಿಡುತ್ತದೆ. ಬೋಳು ಬುರುಡೆಯ ಮೇಲೆ ಹಿಂದಲೆಯಿಂದ ಬಲಗಣ್ಣಿನ ತನಕ ಒಂದು ಗಾಯದ ಗುರುತು. ಕಾದಂಬರಿಯ ಮುಖ್ಯ ಜಾಗ ಇದು ಎಂದು ನನ್ನ ಭಾವನೆ. ಮೊದಲ ಓದಿನಲ್ಲಿ ಇದನ್ನು ಒಂದು ಭೀಕರ ಚಿತ್ರವೆಂದಷ್ಟೇ ದಾಟಿಹೋಗಿದ್ದೆ. ಎರಡನೆಯ ಸಲ ತಡೆದು ನಿಂತೆ. ಇಷ್ಟು ದೊಡ್ಡ ಗಾಯ ಮೈಮೇಲಿರುವಾಗ ಬೇರೆ ಸಾಕ್ಷಿ ಏಕೆ ಬೇಕು ಎಂದು ಓದುವವರಿಗೆ ಅನ್ನಿಸುತ್ತದೆ. ದೆರ್ವಿಲ್ ಕರುಣಾಳು, ಬುದ್ಧಿವಂತ, ಮುದುಕನ ಖರ್ಚಿಗೆ ದಿನಕ್ಕೆ ಇಷ್ಟೆಂದು ಕೈಯಿಂದ ಹಣ ಕೊಡುವವನು. ಆದರೂ ಅವನು ಕೇಳುವುದು ಜರ್ಮನಿಯ ಆಸ್ಪತ್ರೆಯಲ್ಲಿ ಉಳಿದುಹೋದ ಕಾಗದಗಳನ್ನು. ಗಾಯ ಅವನಿಗೆ ಏನಾಯಿತೆಂದು ಹೇಳುತ್ತದೆ, ಅವನು ಯಾರೆಂದು ಹೇಳುವುದಿಲ್ಲ. ಯಾರೆಂದು ಹೇಳಲು ಗುಮಾಸ್ತನ ಮಸಿಯೇ ಬೇಕು.

ಈ ಮಾತು ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ನಮ್ಮಪ್ಪ ಸೈನ್ಯದಲ್ಲಿದ್ದವರು. 1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ ಶೆಲ್ಲಿನ ಚೂರು ಎಡತೊಡೆಗೆ ಹೊಕ್ಕಿತ್ತು. ಅಲ್ಲೇ ಪಟ್ಟಿ ಕಟ್ಟಿಸಿಕೊಂಡು ಎದ್ದು ಓಡಾಡಿದರಂತೆ. ಬರೆದುಕೊಳ್ಳಬೇಕಾದವರು ಬರೆದುಕೊಳ್ಳಲಿಲ್ಲವೋ, ಬರೆದದ್ದು ಎಲ್ಲಿ ಹೋಯಿತೋ. ವಯಸ್ಸಾದ ಮೇಲೆ ಕಾಲು ಎಳೆಯತೊಡಗಿತು. ಯುದ್ಧದ ಗಾಯಕ್ಕೆ ಪಿಂಚಣಿಯಲ್ಲಿ ಬೇರೆ ಅಂಶವಿದೆ, ವೈದ್ಯ ಮಂಡಳಿ ಶೇಕಡಾ 20 ಅಥವಾ ಮೇಲೆ ಎಂದು ಬರೆಯಬೇಕು ಎಂದೆಲ್ಲ ತಿಳಿದುಕೊಂಡದ್ದು ಅಪ್ಪನಲ್ಲ, ಅಮ್ಮ. ಅಪ್ಪ "ಸತ್ತವರ ಮನೆಗೆ ಹೋಗಿ ನೋಡಿ ಬಾ, ಆಮೇಲೆ ಬರಿ ನಿನ್ನ ಅರ್ಜಿ" ಎನ್ನುತ್ತಿದ್ದರು. ಅಮ್ಮ ಬರೆಸುತ್ತಲೇ ಹೋದಳು. ಅವಳು ಹೇಳುವುದು, ನಾನು ಬರೆಯುವುದು, ರಿಜಿಸ್ಟರ್ಡ್ ಅಂಚೆ, ಹಳದಿ ಸ್ವೀಕೃತಿ ಚೀಟಿಗೆ ಕಾಯುವುದು, ಹನ್ನೊಂದು ವರ್ಷ. ಒಮ್ಮೆ ಎಕ್ಸ್‌ರೇ ಹಾಳೆಯನ್ನೇ ಕಳಿಸಿದೆವು. ತೊಡೆಯ ಮೂಳೆಯ ಪಕ್ಕದಲ್ಲಿ ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಅದು ನಾಲ್ಕಾಗಿ ಮಡಚಿ ವಾಪಸು ಬಂತು, ಜೊತೆಗೆ ಎರಡು ಸಾಲು: ದಾಖಲೆಯಲ್ಲಿ ಗಾಯದ ನಮೂದಿಲ್ಲ. ಎಕ್ಸ್‌ರೇ ಕಬ್ಬಿಣವನ್ನು ತೋರಿಸುತ್ತದೆ, ಅದು ಯಾವ ದಿನ ಯಾರು ಹಾರಿಸಿದ್ದೆಂದು ತೋರಿಸುವುದಿಲ್ಲವಲ್ಲ. ಅಪ್ಪ ಅದನ್ನು ತೊಡೆಯಲ್ಲೇ ಇಟ್ಟುಕೊಂಡು ಹೋದರು.

ಅಮೆರಿಕದಲ್ಲಿ ಗಾಯಗೊಂಡ ಸೈನಿಕರಿಗೆ 'ಪರ್ಪಲ್ ಹಾರ್ಟ್' ಎಂಬ ಪದಕವಿದೆ. 1951ರಲ್ಲಿ ಕೊರಿಯಾದಲ್ಲಿ ಗಾಯಗೊಂಡ ಒಬ್ಬ ವೃದ್ಧರಿಗೆ ಅದು ಸಿಕ್ಕಿದ್ದು 2024ರಲ್ಲಿ, 96ನೆಯ ವಯಸ್ಸಿನಲ್ಲಿ. ಕಾಗದವಿಲ್ಲವೆಂದು ಮೊದಲು ತಿರಸ್ಕರಿಸಿದ್ದರು, ಕೋರ್ಟಿಗೆ ಹೋಗಬೇಕಾಯಿತು. ಅವರಿಗೂ ಚೂರು ತೊಡೆಯಲ್ಲೇ ಉಳಿದಿತ್ತಂತೆ. ಅರ್ಜಿ ಹಾಕಿ ಎಂದು ಬೆನ್ನುಹತ್ತಿದವರು ಹೆಣ್ಣುಮಕ್ಕಳು. ಸುದ್ದಿಯನ್ನು ಅಮ್ಮನಿಗೆ ಓದಿ ಹೇಳಿದೆ. "ಪುಣ್ಯಾತ್ಗಿತ್ತಿಯರು" ಎಂದಳು.

ಹೀಗಿರುವಾಗ ಶಾಬೇರನ ಹೆಂಡತಿಯನ್ನು ನಾನು ಮೊದಲ ಓದಿನಲ್ಲಿ ಎಷ್ಟು ದ್ವೇಷಿಸಿದ್ದಿರಬೇಕು, ಯೋಚಿಸಿ. ಗಂಡನ ಕಾಗದಗಳು ಅವಳಿಗೆ ತಲುಪಿದ್ದವು, ಉತ್ತರ ಬರೆಯಲಿಲ್ಲ. ದೆರ್ವಿಲ್ ಹೋದಾಗ ಕೋತಿಯೊಂದನ್ನು ಆಡಿಸುತ್ತ ತಿಂಡಿ ತಿನ್ನುತ್ತಿರುತ್ತಾಳೆ. ರಾಜಿಗೆ ವರ್ಷಕ್ಕೆ 24,000 ಫ್ರಾಂಕ್ ಎಂದಾಗ ಬಹಳ ದುಬಾರಿಯಾಯಿತು ಎನ್ನುತ್ತಾಳೆ. ಮುದುಕನನ್ನು ಹಳ್ಳಿಯ ಬಂಗಲೆಗೆ ಕರೆದೊಯ್ದು, ಕಣ್ಣೀರು ಹಾಕಿ, ಮಕ್ಕಳನ್ನು ಮುಂದೆ ಬಿಟ್ಟು ಅವನ ಮನಸ್ಸು ಕರಗಿಸುತ್ತಾಳೆ. ತಾನು ಮೋಸಗಾರನೆಂಬ ಪತ್ರಕ್ಕೆ ಅವನೇ ರುಜು ಹಾಕಬೇಕೆಂಬ ಹಂಚಿಕೆ. ಅದು ಆಗದಿದ್ದರೆ ಹುಚ್ಚಾಸ್ಪತ್ರೆ. ಅದನ್ನು ಮರೆಯಲ್ಲಿ ಕೇಳಿಸಿಕೊಂಡ ಶಾಬೇರ್ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಕೊನೆಗೆ 1840ರಲ್ಲಿ ಬಿಸೆತ್ರ್ ಎಂಬ ಅನಾಥ ವೃದ್ಧರ ಆಶ್ರಮದಲ್ಲಿ, ಕೋಲಿನಿಂದ ಮಣ್ಣಿನ ಮೇಲೆ ಗೆರೆ ಎಳೆಯುತ್ತ ಕೂತವನನ್ನು ದೆರ್ವಿಲ್ ಕಾಣುತ್ತಾನೆ. ಅವನಿಗೀಗ ಹೆಸರಿಲ್ಲ, 164 ಎಂಬ ನಂಬರು. ಅನಾಥ ಶಿಶುಗಳ ಮನೆಯಲ್ಲಿ ಬೆಳೆದವನು ಅನಾಥ ಮುದುಕರ ಮನೆಗೆ ಬಂದು ಸೇರಿದ.

ನನ್ನಮ್ಮನಂಥವಳು ಹನ್ನೊಂದು ವರ್ಷ ಕಾಗದ ಬರೆಸಿದಳು, ಇವಳು ಬಂದ ಕಾಗದಕ್ಕೆ ಉತ್ತರ ಕೊಡಲಿಲ್ಲ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ತೀರ್ಪು ಕೊಟ್ಟು ಪುಸ್ತಕ ಮುಚ್ಚಿಟ್ಟಿದ್ದೆ. ಅಷ್ಟು ಸುಲಭದ ತೀರ್ಪು ಕೊಡಲಿ ಎಂಬುದೇ ಬಾಲ್ಜಾಕನ ಇಷ್ಟ. ಅದರಲ್ಲೇ ನನಗೆ ಈಗ ತಕರಾರು.

ರೋಸ್ ಯಾರು? ಪ್ಯಾಲೆ ರೊಯಾಲಿನಲ್ಲಿ ಗಿರಾಕಿಗಳಿಗೆ ಕಾಯುತ್ತಿದ್ದ ಬಡ ಹುಡುಗಿ. ಶಾಬೇರ್ ಅವಳನ್ನು ಅಲ್ಲಿಂದ ಎತ್ತಿಕೊಂಡು ಬಂದ. ಈ ಮಾತನ್ನು ಅವನು ಹೇಳುವುದು ಪ್ರೀತಿಯಿಂದಲ್ಲ, ವಕೀಲನ ಎದುರಿಗೆ, ಅವಳ ಮುಖಕ್ಕೆ ಹೊಡೆದ ಹಾಗೆ. ಅವನ ಗಾಯಕ್ಕೆ ಮಾನ್ಯತೆ ಬೇಕು. ಅವಳ ಗಾಯವನ್ನು ಎತ್ತಿ ಆಡಬಹುದು! ಇನ್ನು ಕಾನೂನು. ನೆಪೋಲಿಯನ್ನನ 1804ರ ಸಂಹಿತೆಯಂತೆ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು, ಅವನ ಅನುಮತಿ ಇಲ್ಲದೆ ಕೋರ್ಟಿಗೆ ಹೋಗುವಂತಿಲ್ಲ. 1816ರಲ್ಲಿ ಫ್ರಾನ್ಸಿನಲ್ಲಿ ವಿಚ್ಛೇದನವನ್ನೇ ತೆಗೆದುಹಾಕಿದರು, ಮತ್ತೆ ಬಂದದ್ದು 1884ರಲ್ಲಿ. ಅಂದರೆ ಮೊದಲ ಗಂಡ ಜೀವಂತನೆಂದು ಒಪ್ಪಿದ ಕ್ಷಣ ಅವಳ ಎರಡನೆಯ ಮದುವೆ ಪ್ರಶ್ನೆಯಾಗುತ್ತದೆ, ಮಕ್ಕಳ ಹುಟ್ಟು ಪ್ರಶ್ನೆಯಾಗುತ್ತದೆ. ದೊಡ್ಡ ಪದವಿಯ ಆಸೆಯಿರುವ ಕೌಂಟ್ ಫೆರೋನಿಗೆ ಇಂಥ ಹೆಂಡತಿಯನ್ನು ಕಳಚಿಕೊಂಡು ಮೇಲುಮನೆತನದವಳನ್ನು ತರಲು ಇಷ್ಟು ನೆಪ ಸಾಕು. ದೆರ್ವಿಲ್ ಅವಳನ್ನು ಹಿಡಿಯುವುದೂ ಇದೇ ಭಯವನ್ನು ಚಿವುಟಿ. ಕೇಸು ಗೆಲ್ಲುವುದು ಖಂಡಿತವಲ್ಲ ಎಂದು ಶಾಬೇರನಿಗೆ ಹೇಳಿ ರಾಜಿಯ ಮಾತೆತ್ತುವವನೂ ಅವನೇ.

ಅವಳು ಮಾಡಿದ್ದು ಸರಿ ಎನ್ನುತ್ತಿಲ್ಲ. ಬದುಕಿರುವವನನ್ನು ಹುಚ್ಚಾಸ್ಪತ್ರೆಗೆ ಕಳಿಸುವ ಯೋಚನೆಗೆ ಸಮರ್ಥನೆ ಇಲ್ಲ. ಆದರೆ ಲೇಖಕ ಅವಳ ಭಯವನ್ನು ಎರಡು ಪುಟದಲ್ಲಿ ಹೇಳಿ, ಅವಳ ಕಪಟವನ್ನು ಇಪ್ಪತ್ತು ಪುಟ ಹರಡುತ್ತಾನೆ. ಆ ಕೋತಿ ಏಕೆ? ಅವಳು ಮಗುವಿಗೆ ತಲೆ ಬಾಚುತ್ತಿದ್ದಾಗ ವಕೀಲ ಹೋಗಬಹುದಿತ್ತಲ್ಲ? ಮಕ್ಕಳು ಓಡಿಬಂದು ಅಮ್ಮನನ್ನು ಅಳಿಸಿದವರು ಯಾರೆಂದು ಕೇಳುವ ಸಂದರ್ಭವನ್ನೂ ಅವಳ ನಾಟಕದ ಲೆಕ್ಕಕ್ಕೇ ಹಾಕಿಬಿಡುತ್ತಾನೆ. ಆ ಕಣ್ಣೀರಿನಲ್ಲಿ ಅರ್ಧವಾದರೂ ನಿಜವಿರಲಾರದೆ? ಶಾಬೇರನಿಗೆ ಹಾಗೆ ಅನ್ನಿಸಿತು, ಆದ್ದರಿಂದಲೇ ಅವನು ಮತ್ತೆ ಸತ್ತವನಾಗಿರಲು ಒಪ್ಪಿದ. ಈ ಒಂದು ವಿಷಯದಲ್ಲಿ ಪಾತ್ರವು ಲೇಖಕನಿಗಿಂತ ದೊಡ್ಡದಾಗಿದೆ.

ಬಾಲ್ಜಾಕನಿಗೂ ಈ ಗೊಂದಲ ಇದ್ದಿರಬೇಕು. 1832ರಲ್ಲಿ ಪತ್ರಿಕೆಯಲ್ಲಿ ಬಂದಾಗ ಕಥೆಯ ಹೆಸರು 'ರಾಜಿ'. 1835ರಲ್ಲಿ 'ಎರಡು ಗಂಡಂದಿರ ಕೌಂಟೆಸ್' ಎಂದಾಯಿತು. 1844ರ ಹೊತ್ತಿಗೆ 'ಕರ್ನಲ್ ಶಾಬೇರ್'. ಮೊದಲು ವಕೀಲನ ಕಥೆ, ಆಮೇಲೆ ಹೆಂಗಸಿನದು, ಕೊನೆಗೆ ಸೈನಿಕನದು. ನಡುವಿನ ಹೆಸರಿನಲ್ಲಿ ತಮಾಷೆಯಿದೆ, ಕುಹಕವೂ ಇದೆ, ಆದರೂ ಅವಳು ಮುಖಪುಟದ ಮೇಲೆ ಇದ್ದಳು. 1994ರಲ್ಲಿ ಈವ್ ಆಂಜೆಲೋ ಇದನ್ನು ಸಿನಿಮಾ ಮಾಡಿದಾಗ ಆ ಪಾತ್ರ ಮಾಡಿದವಳು ಫ್ಯಾನಿ ಆರ್ದಾಂ. ಅವಳ ಮುಖದಲ್ಲಿ ಹೆದರಿದ ಹೆಂಗಸು ಕಾಣುತ್ತಾಳೆ, ಬಾಲ್ಜಾಕ್ ಕೊಡದಿದ್ದ ಪುಟಗಳನ್ನು ಅವಳು ಕಣ್ಣಿನಲ್ಲೇ ತುಂಬುತ್ತಾಳೆ. ಶಾಬೇರನಾಗಿ ಝೆರಾರ್ ದೆಪಾರ್ದ್ಯೂ ಗಟ್ಟಿಮುಟ್ಟಾಗಿದ್ದಾನೆ. ನನ್ನ ಕಲ್ಪನೆಯ ಒಣಗಿದ ಮುದುಕ ಅವನಲ್ಲ. ಚಿತ್ರದಲ್ಲಿ ನನಗೆ ಉಳಿದದ್ದು ಮೊದಲ ಕೆಲವು ನಿಮಿಷ. ಯುದ್ಧ ಮುಗಿದ ಬಯಲಿನಲ್ಲಿ ಸತ್ತವರ ಬೂಟು, ಸಮವಸ್ತ್ರಗಳನ್ನು ಬಿಚ್ಚುವ ಕೆಲಸ ನಡೆಯುತ್ತದೆ. ಗುರುತು ಹೋಗುವುದು ಹಾಗೆ, ಒಂದೊಂದೇ ಗುಂಡಿ ಬಿಚ್ಚಿದಂತೆ.

ಅಮ್ಮನಿಗೆ ಕಥೆಯನ್ನು ಪೂರ್ತಿ ಹೇಳಿದ್ದು ಈ ವರ್ಷ, ನವೆಂಬರಿನ ಕೆಲಸ ಮುಗಿಸಿಕೊಂಡು ಬಂದ ಮೇಲೆ. ಅವಳು ಕೌಂಟೆಸ್ಸಿನ ಮೇಲೆ ಕಿಡಿಕಾರುತ್ತಾಳೆ ಎಂದುಕೊಂಡಿದ್ದೆ. "ಮಕ್ಕಳು ಚಿಕ್ಕವಾ?" ಎಂದಷ್ಟೇ ಕೇಳಿದಳು. ಆಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತ, ಸ್ವಲ್ಪ ಹೊತ್ತು ಬಿಟ್ಟು, "ಗುಂಡಿಯಿಂದ ಬಂದವನನ್ನ ಮೊದಲು ಕಂಡವರು ಯಾರು?" ಅಂದಳು.

ಒಬ್ಬ ಹೆಂಗಸು, ಎಂದೆ. ಹಿಮದಿಂದ ಮೇಲೆ ಬಂದ ತಲೆಯನ್ನು ನೋಡಿ ಓಡಿಹೋಗದೆ ಹತ್ತಿರ ಬಂದವಳು. ಅವಳು, ಅವಳ ಗಂಡ ಸೇರಿ ತಮ್ಮ ಗುಡಿಸಲಿಗೆ ಹೊತ್ತುಕೊಂಡು ಹೋದರು. ಆರು ತಿಂಗಳು ಮಾತಿಲ್ಲ, ಆಡಿದರೆ ಬಡಬಡಿಕೆ. ಆ ಮೇಲೆ ಆಸ್ಪತ್ರೆಗೆ ಸೇರಿಸಿದವರೂ ಅವರೇ.

"ಹೆಸರೇನು ಅವಳದು?"

ಪುಸ್ತಕ ತೆಗೆದು ಆ ಪುಟ ಹುಡುಕಿದೆ. ಚಕ್ರವರ್ತಿಯ ಹೆಸರಿದೆ. ಶಾಬೇರನ ಗಾಯ ಎಲ್ಲಿಂದ ಎಲ್ಲಿಗೆ ಎಂದಿದೆ. ಅವನ ಮಾತನ್ನೆಲ್ಲ ಬರೆದುಕೊಂಡ ಆಸ್ಪತ್ರೆಯ ವೈದ್ಯನ ಹೆಸರೂ ಇದೆ. ಅವಳನ್ನು ಧೈರ್ಯವಂತೆಯೋ ಕುತೂಹಲದವಳೋ ಆದ ಒಬ್ಬ ಹೆಂಗಸು ಎಂಬಂತೆ ಹೇಳಿ ಮುಂದೆ ಹೋಗಿದ್ದಾನೆ. "ಬರೆದಿಲ್ಲಮ್ಮ" ಎಂದೆ. ಅವಳು ಕಾಯಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು, ಅರ್ಧ ನಾನು ಬಿಡಿಸಬೇಕಾಗಿತ್ತು.