'ಅಶ್ಲೀಲ'ವೆಂಬ ತೀರ್ಪಿನ ಉಕ್ತಿಬಲ

ಮಾತು ಅರ್ಥವನ್ನು ತಿಳಿಸುವುದಷ್ಟೇ ಅಲ್ಲ, ಕಾರ್ಯವನ್ನೂ ಮಾಡುತ್ತದೆಂಬ ಜೆ. ಎಲ್. ಆಸ್ಟಿನ್ನನ ವಾದವನ್ನು ಆಧರಿಸಿ, ದಾರ್ಶನಿಕೆ ರೇ ಲ್ಯಾಂಗ್ಟನ್ 1993ರಲ್ಲಿ ಗಂಭೀರವಾದ ಪ್ರಶ್ನೆಯೊಂದನ್ನು ಎತ್ತಿದರು. ನ್ಯಾಯಾಧೀಶನು 'ಅಪರಾಧಿ' ಎಂದರೆ ಅದು ತೀರ್ಪು. ನೋಡಬಂದವನು ಅದೇ ಪದವನ್ನಾಡಿದರೆ ಬರಿಯ ಅಭಿಪ್ರಾಯ. ಹಾಗೆಯೇ, ಅಶ್ಲೀಲಸಾಹಿತ್ಯವು ಬೆಳೆಸುವ ರೂಢಿಯಿಂದ ಸ್ತ್ರೀಯು 'ಒಲ್ಲೆ' ಎಂದರೂ ಅದು ನಿರಾಕರಣೆಯಾಗಿ ಸಲ್ಲದೆ ಹೋಗಬಹುದು. ಅವಳ ಬಾಯನ್ನು ಯಾರೂ ಕಟ್ಟಿಲ್ಲ. ಮಾತಿನ ಬಲ ಮಾತ್ರ ಹೋಗಿದೆ. ಈ ವಾದವು ನಮಗೆ ಸಮ್ಮತವೇ. ಆದರೆ 'ಅಶ್ಲೀಲ'ವೆಂಬ ತೀರ್ಪೂ ಅದೇ ಕಾರ್ಯವನ್ನು ಮಾಡಬಲ್ಲುದೆಂಬುದನ್ನು ಆಕೆ ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ.

ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರನ್ನು (1878-1952) ಇಲ್ಲಿ ನೆನೆಯಬೇಕು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಅವರು 1910ರಲ್ಲಿ ಪ್ರಕಟಿಸಿದರು. ಹಿಂದಿನ ಮುದ್ರಣದಲ್ಲಿ ಪೀಠಿಕೆಯನ್ನೇ ಕೈಬಿಡಲಾಗಿತ್ತು. ಕವಯಿತ್ರಿಯು ತನ್ನ ಪರಂಪರೆಯನ್ನು ಅಜ್ಜಿಯಿಂದ ಹೇಳಿಕೊಳ್ಳುವ ಭಾಗವೇ ಅದು! ಇಂಥ ಮಾತುಗಳು ಸ್ತ್ರೀಯ ಬಾಯಲ್ಲಿ ಬರುವುದಿರಲಿ, ಅವಳ ಕಿವಿಗೂ ಬೀಳಬಾರದೆಂಬುದು ವೀರೇಶಲಿಂಗಂ ಪಂತುಲುಗಳ ನಿಲುವು. ಲಜ್ಜೆಯು ಸ್ತ್ರೀಯರಿಗೆ ಮಾತ್ರ ವಿಹಿತವೇ, ಪುರುಷರಿಗಿಲ್ಲವೇ ಎಂದು ನಾಗರತ್ನಮ್ಮನವರು ಮರುಪ್ರಶ್ನಿಸಿದರು. ಪಂತುಲುಗಳೇ ಮೆಚ್ಚಿದ 'ವೈಜಯಂತೀ ವಿಲಾಸಮು'ವಿನಂಥ ಕೃತಿಗಳ ವರ್ಣನೆಗಳತ್ತ ಬೆರಳು ತೋರಿದರು. ವಿಧವಾವಿವಾಹಕ್ಕಾಗಿ ಹೋರಾಡಿದ ಸುಧಾರಕರಿಗೆ ಈ ಪ್ರಶ್ನೆ ಕೇಳಿಸದಿದ್ದುದು ಶೋಚನೀಯ. 1911ರಲ್ಲಿ ಪ್ರತಿಗಳು ಮುಟ್ಟುಗೋಲಾದುವು; ನಿಷೇಧವು ತೆರವಾದುದು 1947ರಲ್ಲಿ.

ಪುರುಷನು ಬರೆದರೆ ಶೃಂಗಾರ, ಸ್ತ್ರೀಯು ಬರೆದರೆ ನಿರ್ಲಜ್ಜತೆ. ಇಲ್ಲಿ ಬದಲಾದುದು ವಾಚ್ಯಾರ್ಥವಲ್ಲ, ವಕ್ತೃವಿನ ಅಧಿಕಾರ. ಮಮ್ಮಟನು ವ್ಯಂಗ್ಯಾರ್ಥದ ನಿಮಿತ್ತಗಳನ್ನು ಎಣಿಸುವಾಗ ವಕ್ತೃವನ್ನೇ ಮೊದಲು ಹೇಳಿದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆಸ್ಟಿನ್ನನನ್ನು ಓದುವಾಗಲೂ ಅದನ್ನು ಮರೆಯಬೇಕಾದುದಿಲ್ಲ.

ರತಿವರ್ಣನೆ ಬೇರೆ, ಸ್ತ್ರೀಯನ್ನು ಅಧೀನಗೊಳಿಸುವ ಚಿತ್ರಣ ಬೇರೆ ಎಂದು ಲ್ಯಾಂಗ್ಟನ್ ಪಕ್ಷದವರು ಉತ್ತರಿಸಬಹುದು. ಕ್ಯಾಥರೀನ್ ಮೆಕಿನನ್ ಮತ್ತು ಆಂಡ್ರಿಯಾ ಡ್ವರ್ಕಿನ್ ರೂಪಿಸಿ, 1984ರಲ್ಲಿ ಇಂಡಿಯಾನಾಪೊಲಿಸ್ ನಗರವು ಅಂಗೀಕರಿಸಿದ ಶಾಸನವು ಈ ಭೇದವನ್ನೇ ಹಿಡಿದಿತ್ತು; ನ್ಯಾಯಾಲಯವು ಅದನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 1985ರಲ್ಲಿ ತಳ್ಳಿಹಾಕಿತು. ಭೇದವು ಯುಕ್ತವೇ. ನಮ್ಮ ದಂಡಸಂಹಿತೆಯ 292ನೆಯ ಕಲಮಿನಲ್ಲಾಗಲಿ, 2024ರಿಂದ ಅದರ ಸ್ಥಾನದಲ್ಲಿರುವ ನ್ಯಾಯಸಂಹಿತೆಯ 294ನೆಯ ಕಲಮಿನಲ್ಲಾಗಲಿ ಅದು ಇಲ್ಲ. ಅಲ್ಲಿ ಅಳತೆಗೋಲು ಕಾಮೋದ್ದೀಪನ ಮತ್ತು ಓದುಗರ ಶೀಲಭ್ರಷ್ಟತೆ. ಸಾಹಿತ್ಯಕ್ಕೆ ವಿನಾಯಿತಿಯೇನೋ ಉಂಟು. ಆದರೆ ಮುದ್ದುಪಳನಿಯದು ಸಾಹಿತ್ಯವೋ ಅಲ್ಲವೋ ಎಂದು ಹೇಳುವ ಅಧಿಕಾರವು 1911ರಲ್ಲಿ ಯಾರ ಕೈಯಲ್ಲಿತ್ತೆಂಬುದನ್ನು ಕಂಡಿದ್ದೇವೆ.