ತಾವೋ ದರ್ಶನವೂ ಆಧುನಿಕ ಪಾಶ್ಚಾತ್ಯ ನಾಟಕವೂ

ಶಾಂತರಸಕ್ಕೆ ನಾಟಕದಲ್ಲಿ ಸ್ಥಾನವುಂಟೇ ಇಲ್ಲವೇ ಎಂಬುದು ಸಂಸ್ಕೃತ ಲಾಕ್ಷಣಿಕರಲ್ಲಿ ಬಹುಕಾಲ ನಡೆದ ವಿವಾದ. ಸಕಲ ವ್ಯಾಪಾರಗಳ ಉಪರತಿಯೇ ಶಮವಾದುದರಿಂದ ಅದನ್ನು ಅಭಿನಯಿಸುವುದು ಅಶಕ್ಯವೆಂದು ಧನಂಜಯ-ಧನಿಕರ ಪಕ್ಷ. ಶಾಂತವೂ ಆಸ್ವಾದ್ಯವಾದ ರಸವೇ, ನಾಟ್ಯದಲ್ಲಿಯೂ ಅದು ಸಲ್ಲುವುದೆಂದು ಅಭಿನವಗುಪ್ತನ ಪಕ್ಷ. ಇದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ನಾಟಕದಲ್ಲಿ ಬೇರೊಂದು ವೇಷದಿಂದ ತಲೆದೋರಿತು. ಚೀನಾದೇಶದ ತಾವೋ ದರ್ಶನದ ಪ್ರಧಾನ ತತ್ತ್ವವು 'ವೂ ವೇಯ್'. ಎಂದರೆ, ಹಠದಿಂದ ಏನನ್ನೂ ಸಾಧಿಸಹೊರಡದೆ ವಸ್ತುಸ್ವಭಾವವನ್ನು ಅನುಸರಿಸಿ ನಡೆಯುವುದು. ಪಾಶ್ಚಾತ್ಯ ನಾಟಕದ ಜೀವಾಳವೋ ಕ್ರಿಯೆ ಮತ್ತು ಸಂಘರ್ಷ. ಹೀಗಿರಲು ಅಕ್ರಿಯೆಯ ದರ್ಶನವು ಕ್ರಿಯೆಯ ಕಲೆಗೆ ಏನನ್ನು ಕೊಡಬಲ್ಲುದು?

ಉತ್ತರಕ್ಕೆ ಮುನ್ನ ಪ್ರಭಾವದ ಲಕ್ಷಣವನ್ನು ನಿಶ್ಚಯಿಸುವುದು ಆವಶ್ಯಕ. ರಂಗದ ಮೇಲೆ ಮೌನವಿದ್ದ ಮಾತ್ರಕ್ಕೆ ಅದು ತಾವೋ ಆಗದು. ಪಾತ್ರಗಳು ಚೀನೀ ಉಡುಪನ್ನು ತೊಟ್ಟ ಮಾತ್ರಕ್ಕೂ ಆಗದು. ಸಾದೃಶ್ಯ ಬೇರೆ, ಪ್ರಭಾವ ಬೇರೆ. ಕವಿಯು ಆ ದರ್ಶನವನ್ನು ಬಲ್ಲವನೆಂಬುದಕ್ಕೆ ಪ್ರಮಾಣವಿರಬೇಕು. ಅದರ ತತ್ತ್ವವು ಕಥಾವಸ್ತುವಿನ ಗತಿಯನ್ನೇ ಮುಟ್ಟಿರಬೇಕು.

ಅಮೆರಿಕದ ಯೂಜೀನ್ ಓನೀಲ್ (1888–1953) ವಿಷಯದಲ್ಲಿ ಮೊದಲನೆಯ ಪ್ರಮಾಣವು ಸ್ಪಷ್ಟವಾಗಿದೆ. ಪೌರಸ್ತ್ಯ ಗ್ರಂಥಗಳಲ್ಲಿ ಲಾವೋ ತ್ಸೆ ಮತ್ತು ಚ್ವಾಂಗ್ ತ್ಸೆ ಇವರ ಅನುಭಾವವೇ ತನ್ನನ್ನು ಹೆಚ್ಚಾಗಿ ಸೆಳೆಯಿತೆಂದು ಆತನು 1932ರ ಪತ್ರವೊಂದರಲ್ಲಿ ಹೇಳಿದ್ದಾನೆ. 1937ರಿಂದ 1944ರ ವರೆಗೆ ಕ್ಯಾಲಿಫೋರ್ನಿಯದಲ್ಲಿ ಆತನು ವಾಸಿಸಿದ ಮನೆಗೆ 'ತಾವೋ ಹೌಸ್' ಎಂದೇ ಹೆಸರು. 1928ರಲ್ಲಿ ರಂಗಕ್ಕೆ ಬಂದ 'ಮಾರ್ಕೋ ಮಿಲಿಯನ್ಸ್' ನಾಟಕದಲ್ಲಿ ಕುಬ್ಲಾಯ್ ಖಾನನ ಆಸ್ಥಾನವುಂಟು, ಚೂ-ಯಿನ್ ಎಂಬ ಜ್ಞಾನಿಯುಂಟು. ಆದರೆ ಅಲ್ಲಿ ಪೂರ್ವದೇಶವು ಮಾರ್ಕೋ ಪೋಲೋವಿನ ವಣಿಗ್ಬುದ್ಧಿಯನ್ನು ಪರಿಹಾಸ್ಯಮಾಡಲು ಹಿಡಿದ ಕನ್ನಡಿ ಮಾತ್ರ; ತತ್ತ್ವವು ಪಾತ್ರಗಳ ಮಾತಿನಲ್ಲಿದೆಯೇ ಹೊರತು ನಾಟಕದ ಗತಿಯಲ್ಲಿಲ್ಲ.

ಚೀನಾದ ಹೆಸರೇ ಇಲ್ಲದೆ ತಾವೋ ಹೌಸಿನಲ್ಲಿ 1939ರಲ್ಲಿ ರಚಿತವಾಗಿ 1946ರಲ್ಲಿ ಪ್ರಯೋಗಗೊಂಡ 'ದಿ ಐಸ್‌ಮನ್ ಕಮೆತ್' ಇದಕ್ಕಿಂತ ಆಳವಾದುದು. ನ್ಯೂಯಾರ್ಕಿನ ಮದ್ಯದಂಗಡಿಯೊಂದರಲ್ಲಿ ಕೆಲವರು 'ನಾಳೆ' ಎಂಬ ಹಗಲುಗನಸಿನಲ್ಲಿ ಕಾಲ ಕಳೆಯುತ್ತಿರುತ್ತಾರೆ. ಊರೂರು ತಿರುಗಿ ಸರಕು ಮಾರುವ ಹಿಕಿ ಎಂಬವನು ಬಂದು, ಭ್ರಮೆಯನ್ನು ಬಿಟ್ಟು ಕಾರ್ಯಕ್ಕಿಳಿಯಿರೆಂದು ಅವರನ್ನು ಹೊರದೂಡುತ್ತಾನೆ. ಅವರು ಹೋಗಿ, ಸೋತು, ಹೊರಟಲ್ಲಿಗೇ ಹಿಂದಿರುಗುತ್ತಾರೆ. ಭರತನು ಹೇಳಿದ ಪಂಚಾವಸ್ಥೆಗಳಲ್ಲಿ ಆರಂಭ, ಯತ್ನಗಳು ಇಲ್ಲಿವೆ, ಫಲಾಗಮವಿಲ್ಲ. ಕಥೆಯು ಬಾಣದಂತೆ ಹಾರದೆ ಗಾಣದಂತೆ ಸುತ್ತುತ್ತದೆ. ಮೂಲಕ್ಕೆ ಮರಳುವುದೇ ತಾವೋವಿನ ಚಲನೆಯೆಂಬುದನ್ನು ಬಲ್ಲವರಿಗೆ ಇದು ಆ ದರ್ಶನದ ರೂಪವೆಂದೇ ತೋರೀತು. ಆದರೆ ದುಡುಕಬಾರದು. ಈ ಜನರು ಮರಳುವುದು ಸ್ವಭಾವಕ್ಕಲ್ಲ, ಭ್ರಮೆಗೆ. ಇದು ಶಮವಲ್ಲ, ತಮಸ್ಸು. ತಾನು ಕೇವಲ ಪ್ರೇಕ್ಷಕನೆಂದು ಹೇಳಿಕೊಳ್ಳುವ ಲ್ಯಾರಿ ಸ್ಲೇಡನ ಔದಾಸೀನ್ಯವೂ ಸಾಕ್ಷಿಭಾವವಲ್ಲ. ಅದು ಭಯದ ಮುಸುಕೆಂದು ಕೊನೆಗೆ ಬಯಲಾಗುತ್ತದೆ. ಓನೀಲನು ಅಕ್ರಿಯೆಯನ್ನು ಬೋಧಿಸಲಿಲ್ಲ. ಹುಸಿಯಾದ ಅಕ್ರಿಯೆಯನ್ನು ಒರೆಗಲ್ಲಿಗೆ ತಿಕ್ಕಿ ತೋರಿಸಿದನು.

ಜರ್ಮನಿಯ ಬರ್ಟೋಲ್ಟ್ ಬ್ರೆಖ್ಟನ (1898–1956) ಮಾರ್ಗವು ಭಿನ್ನವಾದುದು. ಆತನು 1920ರಲ್ಲಿಯೇ ಲಾವೋ ತ್ಸೆಯನ್ನು ಓದಿ ಮೆಚ್ಚಿದ್ದನು. 1933ರಲ್ಲಿ ಸ್ವದೇಶವನ್ನು ತ್ಯಜಿಸಿ, 1938ರಲ್ಲಿ ಆ ಋಷಿಯ ದೇಶತ್ಯಾಗವನ್ನು ಕುರಿತೇ ಕವಿತೆಯೊಂದನ್ನು ಬರೆದನು. 1935ರಲ್ಲಿ ಮಾಸ್ಕೋವಿನಲ್ಲಿ ಮೇ ಲಾನ್‌ಫಾಂಗನ ಅಭಿನಯವನ್ನು ಕಂಡು ಆತನು ಮಾಡಿದ ವಿವೇಚನೆಯು ನಟನಕಲೆಗೆ ಸೇರಿದುದು. ಅದನ್ನು ತಾವೋ ಪ್ರಭಾವದೊಡನೆ ಬೆರಸಬಾರದು. 1943ರಲ್ಲಿ ಜ್ಯೂರಿಕ್ಕಿನಲ್ಲಿ ಮೊದಲು ಪ್ರಯೋಗಗೊಂಡ 'ಸೆಚುವಾನಿನ ಸಜ್ಜನೆ'ಯಲ್ಲಿ ಮಾತ್ರ ಮೂಲಗ್ರಂಥವೇ ರಂಗಕ್ಕೆ ಬಂದಿದೆ. ನೀರು ಮಾರುವ ವಾಂಗನು ಕನಸಿನಲ್ಲಿ ಕಂಡ ದೇವತೆಗಳಿಗೆ ಚ್ವಾಂಗ್ ತ್ಸೆಯ ವೃಕ್ಷದೃಷ್ಟಾಂತವನ್ನು ತಿಳಿಸುತ್ತಾನೆ: ಉಪಯುಕ್ತವಾದ ಮರಗಳು ತಮ್ಮ ದಪ್ಪಕ್ಕೆ ತಕ್ಕಂತೆ ಕಡಿಯಲ್ಪಟ್ಟು ಪೂರ್ಣಾಯುಸ್ಸನ್ನು ಕಾಣದೆ ಹೋಗುತ್ತವೆ.

ಚ್ವಾಂಗ್ ತ್ಸೆಗೆ ಇದರ ಫಲಿತಾರ್ಥವು ನಿರುಪಯುಕ್ತನಾಗಿರುವುದೇ ಜ್ಞಾನವೆಂಬುದು. ನಾಟಕದಲ್ಲಿ ಈ ಮಾತು ಷೆನ್ ತೆಯ ಪಕ್ಕದಲ್ಲಿ ನಿಂತು ಅರ್ಥಾಂತರವನ್ನು ಪಡೆಯುತ್ತದೆ. ದೇವತೆಗಳ ಹಣದಿಂದ ಹೊಗೆಸೊಪ್ಪಿನ ಅಂಗಡಿಯಿಟ್ಟ ಆಕೆಯನ್ನು, ಉಪಕಾರಿಯೆಂಬ ಕಾರಣದಿಂದಲೇ ಜನರು ಸುಲಿಯುತ್ತಾರೆ. ಬದುಕಿಕೊಳ್ಳಲು ಆಕೆ ಷುಯಿ ತಾ ಎಂಬ ಕಠಿಣಹೃದಯನ ವೇಷವನ್ನು ಧರಿಸಬೇಕಾಗುತ್ತದೆ. ಸಜ್ಜನಿಕೆಯೇ ಕೊಡಲಿಗೆ ಗುರಿಯಾಗುವ ಲೋಕದಲ್ಲಿ ತಪ್ಪು ಮರದ್ದೋ, ಕೊಡಲಿಯದ್ದೋ? ಋಷಿಗೆ ಸಮಾಧಾನವಾದುದು ಕವಿಗೆ ಆಕ್ಷೇಪವಾಯಿತು. ಉತ್ತರವನ್ನು ಹೇಳದೆ ದೇವತೆಗಳು ಹೊರಟುಹೋಗುತ್ತಾರೆ. ಮುಕ್ತಾಯವನ್ನು ಹುಡುಕುವ ಭಾರವು ಪ್ರೇಕ್ಷಕರ ಮೇಲೆ ಬೀಳುತ್ತದೆ.

ಆದುದರಿಂದ ಪಾಶ್ಚಾತ್ಯ ನಾಟಕವು ತಾವೋವಿನಿಂದ ಶಾಂತಿಯನ್ನು ಪಡೆಯಿತೆಂಬ ಮಾತು ಈ ಇಬ್ಬರ ಕೃತಿಗಳ ಮಟ್ಟಿಗೆ ನಿಲ್ಲಲಾರದು. ಅದು ಪಡೆದುದು ಪ್ರಶ್ನೆಯನ್ನು. ಕ್ರಿಯೆಯಿಂದಲೇ ಸರ್ವವೂ ಸಿದ್ಧಿಸುವುದೆಂಬ ತನ್ನ ಹಳೆಯ ನಂಬಿಕೆಯನ್ನು ಒಬ್ಬ ಕವಿಯು ಹಿಂದಿರುಗುವ ಕಥೆಯಿಂದಲೂ, ಇನ್ನೊಬ್ಬನು ಮುಗಿಯದ ಕಥೆಯಿಂದಲೂ ಶಂಕಿಸಿದರು. ಹಾಲಿಗೆ ಬಿದ್ದ ಹೆಪ್ಪು ಹಾಲಾಗಿ ಉಳಿಯುವುದಿಲ್ಲ, ಹೆಪ್ಪಾಗಿಯೂ ಉಳಿಯುವುದಿಲ್ಲ. ಪ್ರಭಾವವನ್ನು ಬೋಧಿಸುವ ಅಧ್ಯಾಪಕರು ಹೆಪ್ಪನ್ನು ಮಾತ್ರ ತೋರಿಸದೆ, ಮೊಸರಿನ ರುಚಿಯನ್ನೂ ವಿವರಿಸುವುದು ಯುಕ್ತ.