ಬೇಟೆಯೂ ಬಾಣಸವೂ

ಉಮರ್ಗಾ, ನಿಲಂಗಾ, ಉದಗೀರಗಳಲ್ಲಿರುವ ನಮಗೆ ಕಲ್ಯಾಣವು ದೂರದ ಊರಲ್ಲ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ನಮ್ಮನ್ನು ತಡೆದು ನಿಲ್ಲಿಸುವುದು ಕೈಗೆಲಸದ ಎಚ್ಚರ. ಹಂದಿಗೆ ಬಿಳಿಯ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತುಬರುವವರೆಗೆ ಕುದಿನೀರು ಹೊಯ್ಯಬೇಕಂತೆ! ಈ ಆದರವು ಬೇಟೆಗೆ ಸಂದುದೋ, ನಾಲಗೆಗೋ? ನಾಲಗೆಗೆಂದೇ ನಮ್ಮ ಅಭಿಪ್ರಾಯ. ಅಡುಗೆಯು ಮೂರನೆಯ ವಿಂಶತಿಯಲ್ಲಿದೆ. ಡೇಗೆಯಿಂದ ಹಕ್ಕಿ ಹಿಡಿಸುವ ಶ್ಯೇನವಿನೋದವು ನಾಲ್ಕನೆಯದರಲ್ಲಿ. ಉಣ್ಣುವುದು ಭೋಗವಾಯಿತು, ಕೊಲ್ಲುವುದು ವಿನೋದವಾಯಿತು. ಸತ್ತ ಹಕ್ಕಿಯ ಋಣಕ್ಕೆ ನೂರು ಅಧ್ಯಾಯಗಳಲ್ಲಿ ಒಂದೂ ಮೀಸಲಾಗಲಿಲ್ಲ. ಹಿಟ್ಟಿನ ಕೋಳಿಯನ್ನು ಕಡಿದುದಕ್ಕೂ ಜನ್ಮಜನ್ಮಾಂತರಗಳ ಲೆಕ್ಕ ಕೇಳಿದ ಜನ್ನನ ‘ಯಶೋಧರ ಚರಿತೆ’ಯನ್ನು (1209) ಉಪಾಧ್ಯಾಯರು ಇದರ ಮಗ್ಗುಲಲ್ಲಿಟ್ಟು ಮಕ್ಕಳಿಗೆ ಓದಿಸಬೇಕು.